ಎತ್ತಿದ ಕಿರುಬೆರಳು

ಪೇಂಟರ್ ಕಾಕಾ ಚಹಾ ಕುಡಿಯುವಾಗಲೂ ಅವರ ಎಡಗೈಯ ಕಿರುಬೆರಳು ಉಳಿದ ಬೆರಳುಗಳನ್ನು ಬಿಟ್ಟು ಮೇಲೆ ಎದ್ದಿರುತ್ತಿತ್ತು. ಸಂತೆಯ ಚೀಲ ಹಿಡಿದಾಗಲೂ ಹಾಗೇ, ಸೈಕಲ್ಲಿನ ಹ್ಯಾಂಡಲ್ ಹಿಡಿದಾಗಲೂ ಹಾಗೇ. ಬಾಕಿ ಉಗುರುಗಳ ಸಂದಿಯಲ್ಲಿ ಹಳದಿಯೋ ಕೆಂಪೋ ಏನಾದರೊಂದು ಬಣ್ಣ ಇದ್ದೇ ಇರುತ್ತಿತ್ತು. ಕಿರುಬೆರಳು ಮಾತ್ರ ಈಗಷ್ಟೇ ತೊಳೆದುಕೊಂಡು ಬಂದಂತೆ ಸ್ವಚ್ಛ. ಹಸಿ ಅಕ್ಷರಕ್ಕೆ ಎಲ್ಲಕ್ಕಿಂತ ಮೊದಲು ತಾಗುವುದು ಅದೇ ಬೆರಳು, ಅದಕ್ಕೇ ಅದನ್ನು ಮನೆಯಿಂದ ಹೊರಗೆ ಹಾಕಿದ್ದೇನೆ ಎಂದು ಕಾಕಾ ಹೇಳುತ್ತಿದ್ದರು. ಕಾಗವಾಡದ ನಮ್ಮ ಓಣಿಯ ಹುಡುಗರು ಅವರ ಹಿಂದೆ ಬೆರಳೆತ್ತಿಕೊಂಡು ನಡೆದು ಅಣಕಿಸುತ್ತಿದ್ದರು. ನಾನು ನಗುತ್ತಿರಲಿಲ್ಲ. ಎಡಗೈಯವರನ್ನು ನಮ್ಮ ಕಡೆ ರೊಡ್ಡ ಎನ್ನುತ್ತಾರೆ, ಓಣಿಯಲ್ಲಿ ಅವರೊಬ್ಬ ರೊಡ್ಡ, ನಾನೊಬ್ಬಳು ರೊಡ್ಡಿ.

ಅವರ ಮನೆ ನಮ್ಮ ಎದುರಿಗೆ. ಬೋರ್ಡ್ ಬರೆಯುವುದು ಅವರ ಉದ್ಯೋಗ. ನಿಪ್ಪಾಣಿಯ ತಂಬಾಕಿನ ಗೋದಾಮುಗಳು, ಅಥಣಿಯ ಒಣದ್ರಾಕ್ಷಿ ಅಂಗಡಿಗಳು, ಪಾಲಬಾವಿಯ ಹಾಲಿನ ಡೇರಿ, ಕಬ್ಬು ಹೊರುವ ಟ್ರಾಲಿಗಳ ಬೆನ್ನು, ಚಿಂಚಲಿ ಜಾತ್ರೆಗೆ ಹೊರಟ ಚಕ್ಕಡಿಗಳ ಪಕ್ಕದ ಹಲಗೆ, ಎಲ್ಲದರ ಮೇಲೂ ಅವರ ಅಕ್ಷರ. ಒಂದು ಸಾಲು ಕನ್ನಡ, ಕೆಳಗೊಂದು ಸಾಲು ಮರಾಠಿ. ಸಣ್ಣ ಬೋರ್ಡುಗಳನ್ನು ಮನೆಯ ಕಟ್ಟೆಗೆ ಆನಿಸಿ ಬರೆಯುತ್ತಿದ್ದರು. ಶಾಲೆಯಿಂದ ಬಂದವಳು ಪಾಟಿಚೀಲ ಒಗೆದು ನಮ್ಮ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಟರ್ಪಂಟೈನಿನ ವಾಸನೆ, ದೂರದಲ್ಲಿ ಅಪ್ಪನ ಹಿಟ್ಟಿನ ಗಿರಣಿಯ ಒಂದೇ ಸಮನೆಯ ಸದ್ದು, ಅರ್ಧ ಕಣ್ಣು ಮುಚ್ಚಿದ ಇಳಿಹೊತ್ತು. ಆ ಹೊತ್ತಿನಲ್ಲಿ ಅವರ ಕೈಯಿಂದ ಅಕ್ಷರಗಳು ತಮ್ಮಷ್ಟಕ್ಕೆ ತಾವೇ ಇಳಿದು ಬರುತ್ತಿವೆ ಅನ್ನಿಸುತ್ತಿತ್ತು.

ಆ ಅಕ್ಷರಗಳು ಬರುತ್ತಿದ್ದುದು ಹಿಂದುಮುಂದಾಗಿ. ಕಾಕಾ ಸೀಮೆಸುಣ್ಣದಲ್ಲಿ ಉದ್ದಕ್ಕೂ ಗೆರೆ ಮತ್ತು ಚೌಕ ಹಾಕಿಕೊಂಡು, ಬ್ರಶ್ಶನ್ನು ಬಲತುದಿಗೆ ಇಟ್ಟು, ಸಾಲಿನ ಕೊನೆಯ ಅಕ್ಷರದಿಂದ ಶುರು ಮಾಡುತ್ತಿದ್ದರು. ಎಡಗೈಯಿಂದ ಮೊದಲಿನಿಂದ ಬರೆಯುತ್ತ ಹೋದರೆ ಬರೆದದ್ದರ ಮೇಲೆಯೇ ಕೈ ಸಾಗಬೇಕು, ಬಣ್ಣವೆಲ್ಲ ಅಳಿಸುತ್ತದೆ. ಕೊನೆಯಿಂದ ಬಂದರೆ ಕೈ ಯಾವಾಗಲೂ ಖಾಲಿ ಜಾಗದ ಮೇಲಿರುತ್ತದೆ. ಹಾಗಾಗಿ ಯಾರ ಅಂಗಡಿಯ ಬೋರ್ಡು ಎಂಬುದು ಕೊನೆಯ ತನಕ ಗೊತ್ತಾಗುತ್ತಿರಲಿಲ್ಲ. ನಾನು ಕೂತಲ್ಲೇ ಊಹಿಸುತ್ತಿದ್ದೆ. ಹೆಚ್ಚಾಗಿ ತಪ್ಪುತ್ತಿತ್ತು. ಮುಗಿದ ಮೇಲೆ ಮುಟ್ಟಲು ಹೋದರೆ ಅವರದು ಒಂದೇ ಮಾತು: “ತಡಿ, ಒಣಗಲಿ.” ಜ್ವರ ಬಂದವರಿಗೂ, ಜಗಳಾಡಿಕೊಂಡು ಬಂದವರಿಗೂ ಕಾಕಾ ಅದನ್ನೇ ಹೇಳುತ್ತಿದ್ದರು.

ಈ ಪದ್ಧತಿಯಿಂದ ಒಮ್ಮೆ ಊರೇ ನಗುವಂತಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಅಣ್ಣತಮ್ಮ ಇಬ್ಬರು ಕೂಡಿ ಕಬ್ಬಿಣದ ಸಾಮಾನಿನ ಅಂಗಡಿ ತೆಗೆದರು. ಕಾಕಾ ಎಂದಿನಂತೆ ಕೊನೆಯಿಂದ ಶುರು ಮಾಡಿ ‘ಬ್ರದರ್ಸ್’ ಎಂದು ಬರೆದು ಊಟಕ್ಕೆ ಬಂದರು. ಬಾಕಿ ಇದ್ದದ್ದು ಮೊದಲಿನ ಹೆಸರು. ಆ ಜಾಗದಲ್ಲಿ ಯಾರ ಹೆಸರು ಬರಬೇಕು ಎಂಬ ಮಾತು ಊಟದ ಹೊತ್ತಿನಲ್ಲೇ ಹುಟ್ಟಿ, ಬೆಳೆದು, ಕಾಕಾ ಉಂಡು ಕೈ ತೊಳೆಯುವಷ್ಟರಲ್ಲಿ ಅಣ್ಣತಮ್ಮ ಬೇರೆಯಾಗಿದ್ದರು. ಅಂಗಡಿ ಅಣ್ಣನಿಗೆ ಉಳಿಯಿತು, ಬೋರ್ಡೂ ಉಳಿಯಿತು. ಎಡಗಡೆ ಬಟಾಬಯಲು, ಬಲಗಡೆ ‘ಬ್ರದರ್ಸ್’. ಮುಂದೆ ಇಬ್ಬರೂ ರಾಜಿಯಾದರೂ ಅದನ್ನು ತುಂಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಆ ಬೋರ್ಡಿನ ಕೆಳಗೆ ಹಾಯುವಾಗಲೆಲ್ಲ ಕಾಕಾ ಟೋಪಿ ಸರಿಮಾಡಿಕೊಂಡು, ತಾವು ಬರೆದದ್ದರಲ್ಲಿ ಅದೇ ಖರೆ ಬೋರ್ಡು ಎನ್ನುತ್ತಿದ್ದರು.

ನನ್ನ ಸಂಕಟ ಶುರುವಾದದ್ದು ಎಂಟನೆಯ ಇಯತ್ತೆಯಲ್ಲಿ. ನಮ್ಮ ಶಾಲೆಯಲ್ಲಿ ಆಗ ಎಲ್ಲರದೂ ಶಾಯಿಪೆನ್ನು. ನಾನು ಒಂದು ಸಾಲು ಬರೆದರೆ ನನ್ನ ಅಂಗೈಯ ಅಂಚು ಅದನ್ನು ಒರೆಸಿಕೊಂಡೇ ಮುಂದೆ ಹೋಗುತ್ತಿತ್ತು. ಪುಟ ಮುಗಿಯುವಾಗ ಹಾಳೆಯ ಮೇಲೆ ನೀಲಿ ಮೋಡ, ಕಿರುಬೆರಳಿನಿಂದ ಮಣಿಕಟ್ಟಿನ ತನಕ ನೀಲಿ ಪಟ್ಟಿ. ನಿಬ್ಬನ್ನು ಎಳೆಯುವ ಬದಲು ನೂಕುವುದರಿಂದ ಕಾಗದವೂ ಹರಿಯುತ್ತಿತ್ತು. ಗುರುಗಳು ಅಪ್ಪನನ್ನು ಕರೆಸಿ, ಹತ್ತನೆಯ ಪರೀಕ್ಷೆಯ ಪೇಪರು ತಿದ್ದುವವರಿಗೆ ಈ ಮೋಡದಲ್ಲಿ ಏನೂ ಕಾಣುವುದಿಲ್ಲ, ಈಗಲೇ ಕೈ ಬದಲಿಸಿರಿ ಎಂದರು. ಅಪ್ಪ ಕೆಟ್ಟವನಲ್ಲ, ಹೆದರಿಕೆಯವನು. ಮನೆಗೆ ಬಂದು ಹೇಳಿದ: “ದೀಪಾವಳಿ ಸೂಟಿ ಮುಗಿಯೂದ್ರಾಗ ಒಂದು ಹಾಳಿ ಸ್ವಚ್ಛ ಬರದು ತೋರ್ಸು. ಆಗಲಿಲ್ಲಂದ್ರ ಬಲಗೈ. ಅತ್ತರ ಕೇಳಾಂವಲ್ಲ.”

ಬಲಗೈಯಲ್ಲಿ ಪೆನ್ನು ಹಿಡಿದು ನೋಡಿದೆ. ನನ್ನದೇ ಹೆಸರು ಯಾರೋ ಗೊತ್ತಿಲ್ಲದವರ ಹೆಸರಿನಂತೆ ಕಂಡಿತು. ಕಟ್ಟೆಯ ಮೇಲೆ ಕೂತು ಅತ್ತೆ. ಎದುರಿಗೆ ಕಾಕಾ ಬ್ರಶ್ಶು ಅದ್ದುತ್ತಿದ್ದವರು ಬಂದು, ನನ್ನ ಕೈ ತಿರುವಿ ಆ ನೀಲಿ ಪಟ್ಟಿ ನೋಡಿದರು. “ಕೈಯಿಂದೇನು ತಪ್ಪಿಲ್ಲ ಪೋರಿ. ಪೆನ್ನು ಸಿಕ್ಕಿಲ್ಲ ಅಷ್ಟ,” ಎಂದರು.

ಅಂದಿನಿಂದ ಕಾಕಾ ಯಾವ ಊರಿಗೆ ಕೆಲಸಕ್ಕೆ ಹೋದರೂ ಅಲ್ಲಿಂದ ಒಂದು ಪೆನ್ನು ತರತೊಡಗಿದರು. ಪರೀಕ್ಷೆ ಅವರದೇ. ಎಡಗೈಯಿಂದ ಒಂದು ಗೆರೆ ಎಳೆಯುವುದು, ಒಂದು ಉಸಿರು ಬಿಡುವುದು, ಆಮೇಲೆ ನನ್ನ ಕಿರುಬೆರಳನ್ನು ಅದರ ಮೇಲೆ ಹಾಯಿಸುವುದು. ನಿಪ್ಪಾಣಿಯಿಂದ ಬಂದ ಜೆಲ್ ಪೆನ್ನು ನನಗೆ ಬಹಳ ಸೇರಿತ್ತು. ನೇರಳೆ ಬಣ್ಣ, ಕಾಗದದ ಮೇಲೆ ತಾನೇ ಜಾರಿಕೊಂಡು ಹೋಗುತ್ತಿತ್ತು. ಆದರೆ ಅದರ ಗೆರೆ ಮಿಂಚುತ್ತ ಹಸಿಯಾಗಿಯೇ ಉಳಿದು, ಬೆರಳು ಹಾಯಿಸಿದಾಗ ನೇರಳೆ ಬಾಲ ಬಂತು. ಈ ಪೆನ್ನು ಭಾಳ ಮಾತಾಡತೈತಿ ಎಂದು ಕಾಕಾ ಅದನ್ನು ಡಬ್ಬಿಗೆ ಹಾಕಿದರು. ಅಥಣಿಯದು ದಪ್ಪ ಮೈಯ ಬಾಲ್‌ಪೆನ್ನು, ಹಿಡಿಯಲು ಸುಖ, ಆದರೆ ತುದಿಯಲ್ಲಿ ಎಣ್ಣೆಶಾಯಿಯ ಗುಳ್ಳೆ ಕಟ್ಟಿ ಅಕ್ಷರದ ತಿರುವಿನಲ್ಲಿ ಉದುರುತ್ತಿತ್ತು. ರಾಯಬಾಗದ್ದು ಬರೆದ ಕ್ಷಣವೇ ಒಣಗುತ್ತಿತ್ತು, ಆದರೆ ಕಡ್ಡಿಯಷ್ಟು ಸಣ್ಣ. ಒತ್ತಿ ಒತ್ತಿ ನಡುಬೆರಳಿಗೆ ಗಂಟು ಬಂತು, ಅರ್ಧ ಪುಟಕ್ಕೆ ಕೈ ಸೋತಿತು.

ಈ ನಡುವೆ ನಾನೊಂದು ಗಮನಿಸಿದೆ. ಕಾಕಾ ಯಾವ ಪೆನ್ನಿನಿಂದಲೂ ಗೆರೆಯ ಹೊರತು ಒಂದೇ ಒಂದು ಅಕ್ಷರ ಬರೆಯುತ್ತಿರಲಿಲ್ಲ. ಒಂದು ಅಕ್ಷರ ಬರೆದು ನೋಡಿರಿ ಎಂದರೆ ಪೆನ್ನು ನನ್ನ ಕಡೆ ನೂಕಿ, ಅಕ್ಷರ ನಿನ್ನ ಕೆಲಸ ಎನ್ನುತ್ತಿದ್ದರು. ಗಿರಾಕಿಗಳಿಗೆ ಚೀಟಿ ಬರೆಯುವಾಗ ಪೆನ್ನನ್ನು ಬಲಗೈಗೆ ತೆಗೆದುಕೊಳ್ಳುತ್ತಿದ್ದರು. ಆಗ ಬರುತ್ತಿದ್ದ ಅಕ್ಷರ ಒಂದನೆಯ ಇಯತ್ತೆಯ ಮಗುವಿನದು. ಬೋರ್ಡಿನ ಮೇಲೆ ಅಷ್ಟು ಚಂದ ಬರೆಯುವವರು ಕಾಗದದ ಮೇಲೆ ಹೀಗೇಕೆ ಎಂದು ನಾನು ಅವರ ಹೆಂಡತಿಯನ್ನೇ ಕೇಳಿದೆ. ಅವರನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ರೊಟ್ಟಿ ಬಡಿಯುತ್ತ ಕಾಕು ಹೇಳಿದ್ದಿಷ್ಟು. ಸಣ್ಣವರಿದ್ದಾಗ ಕಾಕಾ ಪಾಟಿಯ ಮೇಲೆ ತಮ್ಮ ಹೆಸರು ಬರೆಯತೊಡಗಿದ್ದರಂತೆ. ಎರಡು ಅಕ್ಷರ ಆಗುವಷ್ಟರಲ್ಲಿ ಮಾಸ್ತರರು ಆ ಎಡಗೈಯನ್ನು ಬಾಕಿನ ಕಾಲಿಗೆ ಸುತಳಿಯಿಂದ ಕಟ್ಟಿ ಹಾಕಿದರಂತೆ. ಮುಂದೆ ಮಿರಜಿನಲ್ಲಿ ಬೋರ್ಡ್ ಬರೆಯುವ ಒಬ್ಬ ಉಸ್ತಾದರ ಕೈಕೆಳಗೆ ಸೇರಿದಾಗ ಅವರು ಮಾತ್ರ, ಬ್ರಶ್ಶಿಗೆ ಎಡಬಲ ತಿಳಿಯುವುದಿಲ್ಲ ಎಂದು ಹೇಳಿ ಎಡಗೈಯಲ್ಲೇ ಬರೆಯಲು ಬಿಟ್ಟರಂತೆ. “ಬ್ರಶ್ ಹಿಡದ್ರ ಅವ್ರಿಗೆ ಅದು ಬರಿಯೂದು ಅನಸೂದಿಲ್ಲ. ಪೆನ್ ಹಿಡದ್ರ ಇನ್ನೂ ಸುತಳಿ ಬಿಚ್ಚಿಲ್ಲ ನೋಡು,” ಎಂದರು ಕಾಕು. ನನಗೆ ಅಂದು ಅದು ಪೂರ್ತಿ ತಿಳಿಯಲಿಲ್ಲ.

ಸೂಟಿ ಮುಗಿಯಲು ಬಂದಾಗ ಕಾಕಾ ಚಿಕ್ಕೋಡಿಯಿಂದ ಒಂದು ಬಾಲ್‌ಪೆನ್ನು ತಂದರು. ನೋಡಲು ಏನೂ ವಿಶೇಷವಿಲ್ಲ. ಸಣ್ಣ ತುದಿ, ಬೇಗ ಒಣಗುವ ಶಾಯಿ, ಹಗುರವಾಗಿ ಹಿಡಿದರೂ ಮೂಡುವ ಗೆರೆ. ಮೈ ಸಣ್ಣದಾಗಿತ್ತು, ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ನನ್ನ ಬೆರಳು ಕೂರುವಲ್ಲಿ ಸುತ್ತಿದರು. ಆಮೇಲೆ ಹಾಳೆಯನ್ನು ಹಿಡಿದು ಅದರ ತಲೆಯನ್ನು ಬಲಕ್ಕೆ ವಾಲಿಸಿ ಇಟ್ಟರು. ನನ್ನ ಕೈ ತಾನಾಗಿಯೇ ಸಾಲಿನ ಕೆಳಗೆ ಬಂತು. ಬರೆದದ್ದು ಮೇಲೆ, ಕೈ ಕೆಳಗೆ. ನಾನು ಪಾಠಪುಸ್ತಕದ ಒಂದು ಪುಟ ಪೂರ್ತಿ ಇಳಿಸಿದೆ. ಬರೆಯುತ್ತಿರುವಾಗ ಗಿರಣಿಯ ಸದ್ದು ಕೂಡ ಕೇಳಿಸಲಿಲ್ಲ. ಆ ಪುಟದಲ್ಲಿ ಏನಿತ್ತು ಎಂದು ಈಗ ಕೇಳಿದರೆ ಹೇಳಲಾರೆ. ಒಂದು ಅಕ್ಷರದ ಪಕ್ಕಕ್ಕೆ ಇನ್ನೊಂದು ಅಕ್ಷರ ಬಂದು ಸುಮ್ಮನೆ ಕೂರುವುದನ್ನು ನೋಡುತ್ತ ಇದ್ದೆ.

ಹಾಳೆ ಹಿಡಿದುಕೊಂಡು ಗಿರಣಿಗೆ ಓಡಿದೆ, ಹಿಂದೆ ಕಾಕಾ. ಅಪ್ಪ ತಲೆಯಿಂದ ಕಾಲಿನ ತನಕ ಹಿಟ್ಟಾಗಿ ನಿಂತಿದ್ದ. ಹಾಳೆ ತೆಗೆದುಕೊಂಡು, ನಂಬಿಕೆ ಬಾರದೆ ಹೆಬ್ಬೆರಳಿನಿಂದ ಒಂದು ಸಾಲನ್ನು ಈ ತುದಿಯಿಂದ ಆ ತುದಿಗೆ ಒರೆಸಿದ. ಹಾಳೆಯ ಮೇಲೆ ಜೋಳದ ಹಿಟ್ಟಿನ ಬಿಳಿ ಪಟ್ಟೆ ಎದ್ದಿತು. ಕಾಕಾ ಬಾಗಿ ಅದನ್ನು ಉಫ್ ಎಂದು ಊದಿದರು. ಕೆಳಗೆ ಅಕ್ಷರಗಳು ಇದ್ದ ಹಾಗೇ ಇದ್ದವು. ಅಪ್ಪ ಕಾಕಾನ ಮುಖ ನೋಡಿದ, ನನ್ನ ಮುಖ ನೋಡಿದ. “ಆತು. ಎಡಗೈಯಾಗ ಬರಿ,” ಎಂದು ಗಿರಣಿಯ ಬೆಲ್ಟು ಸರಿಮಾಡಲು ತಿರುಗಿದ.

ಆ ಎಡಗೈಯಲ್ಲೇ ನಾನು ಹತ್ತನೆಯ ಪರೀಕ್ಷೆ ಬರೆದೆ, ಮುಂದಿನ ಎಲ್ಲ ಪರೀಕ್ಷೆಗಳನ್ನೂ ಬರೆದೆ. ಈಗ ರಾಯಬಾಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಯಾವ ಊರಿಗೆ ಹೋದರೂ ಪೆನ್ನಿನ ಅಂಗಡಿ ಕಂಡರೆ ಕಾಲು ತಾನೇ ನಿಲ್ಲುತ್ತದೆ. ಗೆರೆ ಎಳೆದು, ಒಂದು ಉಸಿರು ಬಿಟ್ಟು, ಬೆರಳು ಹಾಯಿಸುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಕಾಕಾನ ಬ್ರಶ್ಶಿಗೆ ಕೆಲಸ ಕಡಿಮೆಯಾಗುತ್ತ ಹೋಯಿತು. ಫ್ಲೆಕ್ಸ್ ಬಂತು, ಗಂಟೆಯೊಳಗೆ ಬೋರ್ಡು, ಮೇಲೆ ಮಾಲೀಕನ ಫೋಟೊ ಬೇರೆ. ಅವರು ಅದನ್ನು ಬೈದದ್ದು ನಾನು ಕೇಳಿಲ್ಲ. ಅದಕ್ಕೆ ಒಣಗುವ ಕೆಲಸವೇ ಇಲ್ಲ ಎಂದು ಆಶ್ಚರ್ಯಪಡುತ್ತಿದ್ದರು ಅಷ್ಟೇ. ಆಮೇಲೆ ಉಬ್ಬಸ ಹಿಡಿಯಿತು. ಹೋದ ಬೇಸಿಗೆ ನಾನು ಊರಿಗೆ ಹೋದಾಗ ಅದೇ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೈ ಇಳಿದುಹೋಗಿತ್ತು. ನೀರಿನ ಲೋಟ ಹಿಡಿದ ಎಡಗೈಯಲ್ಲಿ ಕಿರುಬೆರಳು ಮಾತ್ರ ಎಂದಿನಂತೆ ಮೇಲೆ.

ಅವರಿಗೆಂದು ಒಂದು ಹೊಸ ಪೆನ್ನು ಒಯ್ದಿದ್ದೆ. ಜೆಲ್‌ನಂತೆ ಜಾರುತ್ತದೆ, ಬಾಲ್‌ಪೆನ್ನಿನಂತೆ ಒಣಗುತ್ತದೆ, ಹಿಡಿಯಲು ಮೆತ್ತಗಿನ ಮೈ. ಆಗ ಇದು ಸಿಕ್ಕಿದ್ದರೆ ಟ್ಯೂಬ್ ಕತ್ತರಿಸುವ ಕೆಲಸ ಉಳಿಯುತ್ತಿತ್ತು ಎಂದೆ. ಕಾಕಾ ನಕ್ಕರು. ನನ್ನ ಚೀಲದಲ್ಲಿದ್ದ ಒಂದು ಬಿಳಿ ಹಾಳೆ ಇಸಿದುಕೊಂಡು ತೊಡೆಯ ಮೇಲೊಂದು ಹಲಗೆ ಇಟ್ಟು, ಅದರ ಮೇಲೆ ಹಾಸಿ ಗೆರೆ ಎಳೆದರು. ಉಸಿರು ಬಿಟ್ಟರು, ಈಗ ಅದು ಬಹಳ ಹೊತ್ತು ಹಿಡಿಯಿತು. ನಾನು ಬೆರಳು ಹಾಯಿಸಿ ತೋರಿಸಿದೆ, ಒಂದಿಷ್ಟೂ ಅಳಿಸಲಿಲ್ಲ. ಪೆನ್ನು ನನ್ನ ಕಡೆ ನೂಕುತ್ತಾರೆಂದು ಕೈ ಚಾಚಿದೆ. ಅವರು ಕೊಡಲಿಲ್ಲ.

ಎಡಗೈಯಲ್ಲೇ ಪೆನ್ನು ಹಿಡಿದು, ಹಾಳೆಯ ಬಲತುದಿಗೆ ಹೋಗಿ, ಕೊನೆಯಿಂದ ಒಂದು ಅಕ್ಷರ ಬರೆದರು. ಅದರ ಎಡಕ್ಕೆ ಇನ್ನೊಂದು. ನಾನು ಸಣ್ಣವಳಿದ್ದಾಗಿನಂತೆ ಊಹಿಸುತ್ತ ಕೂತೆ. ಬೋರ್ಡಿನ ಮೇಲಿನದೇ ದುಂಡು ಅಕ್ಷರಗಳು. ಮೊದಲಿನ ಎರಡು ಅಕ್ಷರ ಉಳಿದಾಗ ಕೈ ನಿಂತಿತು. ಕಾಕು ಬಾಗಿಲಲ್ಲಿ ಬಂದು ನಿಂತಿದ್ದರು. ಆಮೇಲೆ ಆ ಎರಡೂ ಬಂದವು. ಅದು ಅವರದೇ ಹೆಸರು. ಕಾಕಾ ಅದನ್ನು ನೋಡುತ್ತ ಕೂತಿದ್ದು, ಎತ್ತಿದ್ದ ಕಿರುಬೆರಳನ್ನು ಮೆಲ್ಲಗೆ ಇಳಿಸಿ ಹೆಸರಿನ ಮೇಲೆ ಉದ್ದಕ್ಕೆ ಮಲಗಿಸಿದರು. ಎತ್ತಿ ನೋಡಿದರು. ಬೆರಳು ಸ್ವಚ್ಛವಾಗಿತ್ತು. “ಒಣಗೈತಿ,” ಎಂದರು. ನನಗೆ ಅಳು ಬಂತು, ತಡೆಯಲೂ ಇಲ್ಲ.

ಮಳೆಗಾಲ ಹಿಡಿಯುವ ಮೊದಲೇ ಕಾಕಾ ತೀರಿಕೊಂಡರು. ಓಣಿಯವರು ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಬೇಕೆಂದರು, ಬೇರೆ ಏನು ಹಾಕುತ್ತಾರೆ, ಬರೆಯುವವರು ಇರಲಿಲ್ಲವಲ್ಲ. ಹೆಸರು ತಪ್ಪಾಗಬಾರದು, ನೀನೇ ಹೋಗು ಎಂದು ನನ್ನನ್ನು ಕಳಿಸಿದರು. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ಒಂದು ಹಾಳೆ ನನ್ನ ಕಡೆ ಸರಿಸಿ, ಹೆಸರು ಬರೆದುಕೊಡಲು ಹೇಳಿದಳು. ನಾನು ಬಲತುದಿಗೆ ಹೋಗಿ ಕೊನೆಯ ಅಕ್ಷರದಿಂದ ಶುರು ಮಾಡಿದೆ. ಅವಳು ಅದನ್ನು ನೋಡಿ, “ಹಿಂಗ ಉಲ್ಟಾ ಯಾಕ ಬರಿತೀರಿ ಅಕ್ಕಾರ?” ಎಂದು ಕೇಳಿದಳು. ಇವರ ಹೆಸರು ಬರೆಯುವುದು ಹೀಗೇ ಎಂದೆ. ಹೆಸರಿನ ಮೊದಲ ಅಕ್ಷರವೂ ಮುಗಿದ ಕೂಡಲೇ ಅವಳು ಹಾಳೆ ಎಳೆದುಕೊಳ್ಳಲು ಕೈ ಚಾಚಿದಳು.

“ತಡೀರಿ, ಒಣಗಲಿ,” ಎಂದೆ. ಕಿರುಬೆರಳನ್ನು ಹೆಸರಿನ ಮೇಲೆ ಹಾಯಿಸಿದೆ, ಅದು ಆಗಲೇ ಒಣಗಿತ್ತು. ಆ ಹೆಸರಿನ ಮೇಲಿಂದ ಕೈ ತೆಗೆಯಲು ನನಗೇ ಆಗಲಿಲ್ಲ.