ತಪಾಸಣಿ ಕಿಚಡಿ

ಕಮತಗಿ ಹತ್ರ ಒಂದು ಸಾಲಿಗೆ ಬಿಸಿಯೂಟ ತಪಾಸಣಿಗೆ ಹೋಗಿದ್ದೆ. ಅಡಿಗಿ ಮಾಡೂ ಅಕ್ಕಾರು ನನಗ ಮೊದಲು ಕಿಚಡಿ ಬಡಿಸಿದ್ರು. ಬ್ಯಾಳಿ ಭಾಳ ಇತ್ತು. "ಪೌಷ್ಟಿಕ ಐತಿ" ಅಂತ ಬರದು ಸಹಿ ಹಾಕಿದೆ. ಕೈ ತೊಳಿಯಾಕ ಎದ್ದಾಗ ಹುಡುಗರ ತಾಟು ಕಂಡ್ವು. ಬರೇ ಹಳದಿ ಅನ್ನ. ಸಿಟ್ಟು ನೆತ್ತಿಗೇರಿತು.

"ಈ ಮಕ್ಕಳ ಬ್ಯಾಳಿ ಯಾರು ತಿಂದ್ರಿ?" ಅಂತ ಒದರಿದೆ.

ಅಕ್ಕಾರು ಅಂಜಲಿಲ್ಲ. "ಬ್ಯಾಳಿ ಬಂದಿದ್ದ ಕಡಿಮಿರಿ. ನೀವು ಬರ್ತೀರಂತ ಹೆಡ್‌ಮಾಸ್ತರು ಅಷ್ಟೂ ನಿಮ್ಮ ಕಿಚಡಿಗೆ ಹಾಕಿಸಿದ್ರು. ಹೋದ ಸಲನೂ ಹಂಗ ಮಾಡಿದ್ವಿ. ನೀವು ಎರಡು ಸಲ ಹಾಕಿಸ್ಕೊಂಡಿದ್ರಿ."

ಹೆಡ್‌ಮಾಸ್ತರಿಗೆ ಬಾಯಿಗೆ ಬಂದಂಗ ಬೈದೆ. ಬರದಿದ್ದನ್ನ ಹೊಡದು ಹಾಕಿದೆ. ಸಿಟ್ಟು ಮಾತ್ರ ಇಳೀಲಿಲ್ಲ. ಕಳ್ಳರನ್ನ ಹಿಡಿಯಾಕಂತ ಸರ್ಕಾರ ಕೊಟ್ಟ ಜೀಪಿನ್ಯಾಗ, ಕಳುವಿನ ಮಾಲು ಹೊಟ್ಟ್ಯಾಗ ಇಟಗೊಂಡು ಬಾಗಲಕೋಟಿಗೆ ಬಂದೆ.