ಯಾರೂ ಮುಟ್ಟದ ಸಾಲು

ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಒಂದು ಪದ್ಧತಿ. ಸಂಶೋಧನೆಗೆ ಹೊಸದಾಗಿ ಸೇರಿದವರಿಗೆ ಹಿರಿಯರು ತಮ್ಮ ಇನ್‌ಪುಟ್ ಫೈಲನ್ನು, ಅಂದರೆ ಲೆಕ್ಕದ ಪ್ರೋಗ್ರಾಮಿಗೆ ಉಣಿಸುವ ಅಂಕಿಗಳ ಫೈಲನ್ನು, ಕೊಟ್ಟು ಹೋಗುತ್ತಾರೆ. ನನಗೆ ಬಂದದ್ದು ನಮ್ಮ ಗೈಡ್ ಸರ್ ಹರೆಯದಲ್ಲಿ ಬರೆದದ್ದು. ನ್ಯೂಕ್ಲಿಯಸ್ಸು, ಶಕ್ತಿ ಇಷ್ಟನ್ನು ಬದಲಿಸಿಕೊಳ್ಳಬೇಕು. ಉಳಿದ ಸಾಲುಗಳಿಗೆ ಯಾರೂ ಕೈ ಹಚ್ಚುವುದಿಲ್ಲ. ದೇವರ ಜಗಲಿಯ ಮೇಲಿನ ಸಾಮಾನಿಗೂ ಅಷ್ಟು ಮಡಿ ಇರಲಿಕ್ಕಿಲ್ಲ.

ನಾನು ಲೆಕ್ಕ ಹಾಕುತ್ತಿದ್ದದ್ದು ವಿಕಿರಣಶೀಲ ಬೆರಿಲಿಯಂನದು. ಅದರ ಹೊರಗಿನ ನ್ಯೂಟ್ರಾನ್ ಒಳಗಿನ ಗುಂಪಿಗೆ ಅಂಟಿಕೊಂಡಿರುವುದು ಹೆಸರಿಗಷ್ಟೇ. ಕಡಿಮೆ ಶಕ್ತಿಯಲ್ಲಿ ಈ ಬೆರಿಲಿಯಂ ಅನ್ನು ಸೀಸದ ಕಡೆಗೆ ಬಿಟ್ಟರೆ ಯಾವ ಕೋನಕ್ಕೆ ಎಷ್ಟು ಚದುರುತ್ತದೆ ಎಂದು ಕಂಪ್ಯೂಟರಿನಲ್ಲಿ ನೋಡುವುದು ನನ್ನ ಕೆಲಸ. ಗ್ರಾಫಿನಲ್ಲಿ ಬಂದ ಗೆರೆಯ ನಡುವೆ ಒಂದು ಚೆಂದದ ಉಬ್ಬು ಇತ್ತು. ಸರ್ ಅದನ್ನು ವಿದೇಶದ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಯವರು ಆ ಉಬ್ಬನ್ನೇ ನಂಬಿ, ಅದೇ ಕೋನದಲ್ಲಿ ಕಣ ಹಿಡಿಯುವ ಡಿಟೆಕ್ಟರುಗಳನ್ನು ಇಡುವವರಿದ್ದರು. ಪ್ರಯೋಗಕ್ಕೆ ಅಂಥ ಬೆರಿಲಿಯಂ ಕಿರಣ ಸಿಗುವುದೇ ವರ್ಷಗಟ್ಟಲೆ ಕಾದ ಮೇಲೆ.

ಒಂದು ಭಾನುವಾರ ಕಮಲಾಪುರದ ಮನೆಯಲ್ಲಿ, ಬೇಸರ ಕಳೆಯಲೆಂದು ಒಂದು ಸಾಲು ಬದಲಿಸಿದೆ. ನ್ಯೂಕ್ಲಿಯಸ್ಸಿನಿಂದ ಎಷ್ಟು ದೂರದವರೆಗೆ ಲೆಕ್ಕ ನಡೆಯಬೇಕು ಎಂದು ಹೇಳುವ ಸಾಲು. ದೂರ ಹೆಚ್ಚಿಸಿದೆ, ಉಬ್ಬು ತಗ್ಗಿತು. ಇನ್ನೂ ಹೆಚ್ಚಿಸಿದೆ, ಉಬ್ಬೇ ಇಲ್ಲ. ಸರ್ ಆ ಸಾಲು ಬರೆದದ್ದು ಗಟ್ಟಿಮುಟ್ಟಾದ ನ್ಯೂಕ್ಲಿಯಸ್ಸುಗಳಿಗೆ, ಅವಕ್ಕೆ ಅಷ್ಟು ದೂರ ಸಾಕು. ನಮ್ಮ ನ್ಯೂಟ್ರಾನ್ ಅದರಾಚೆಗೂ ಅಲೆಯುತ್ತಿತ್ತು. ನಾವು ನಡುವೆಯೇ ಲೆಕ್ಕ ಮುಗಿಸಿದ್ದೆವು.

“ಯಾಕವಾ, ಮಾರಿ ಹಿಂಗ್ಯಾಕ ಮಾಡಿದಿ? ಯಾರರ ಏನರ ಅಂದಾರೇನು?” ಎಂದಳು ಅವ್ವ.

“ಇನ್ನಾ ಅಂದಿಲ್ಲ ಯವ್ವಾ. ನಾಳಿಗಿ ಅಂತಾರ.”

ಸರ್ ಮೊದಲೇ ಸಿಡುಕಿನವರು. ಅವರ ಫೈಲು ತಪ್ಪು ಎನ್ನಲು ನಾನ್ಯಾವ ದೊಡ್ಡವಳು? ಹೇಳದಿದ್ದರೆ ಅಲ್ಲಿಯವರು ಇಲ್ಲದ ಉಬ್ಬನ್ನು ಹುಡುಕುತ್ತ ಕೂರುತ್ತಾರೆ. ಸೋಮವಾರ ಕಲಬುರಗಿಯ ವಿಭಾಗಕ್ಕೆ ಹೊರಟಾಗ ಬಸ್ಸು ಕೆಟ್ಟು ನಿಲ್ಲಬಾರದೇ ಅನ್ನಿಸಿತು. ಹಾಳಾದ್ದು, ಎಂದೂ ಇಲ್ಲದಂತೆ ಹೊತ್ತಿಗೆ ಸರಿಯಾಗಿ ಮುಟ್ಟಿತು.

ಸರ್ ಎರಡೂ ಗೆರೆಗಳನ್ನು ನೋಡಿದರು.

“ಇದನ್ನ ಬ್ಯಾರೆ ಯಾರಿಗರ ತೋರಿಸೀಯೇನು?”

“ಇಲ್ರೀ ಸರ.”

ಮುಚ್ಚಿಡು ಅಂದರೆ ಏನು ಮಾಡಲಿ?

“ಹಂಗಾರ ಈಗಿಂದೀಗ ಅವ್ರಿಗಿ ಮೇಲ್ ಬರಿ. ಡಿಟೆಕ್ಟರ್ ಇಡೂಕಿಂತ ಮದ್ಲ ಮುಟ್ಟಬೇಕು. ತಪ್ಪು ನಂದು ಅಂತ ಬರಿ.”

ಬರೆದು ಕಳಿಸಿದೆ. ಬದುಕಿದೆ ಅಂದುಕೊಂಡು ಎದ್ದೆ. ಅಷ್ಟರಲ್ಲಿ ಸರ್ ಬೇರೊಂದು ಫೈಲು ತೆರೆದಿದ್ದರು. ಇದೇ ಬೆರಿಲಿಯಂ ಮೇಲೆ ಅವರು ಹಿಂದೆ ಮಾಡಿದ ಲೆಕ್ಕ. ಅವರಿಗೆ ಹೆಸರು ತಂದದ್ದೇ ಅದು. ಅದರಲ್ಲೂ ಅದೇ ಸಾಲು, ಅದೇ ದೂರ. ಅಂಕಿ ಬದಲಿಸಿದರು. ಬೆರಳು ಲೆಕ್ಕ ಶುರುಮಾಡುವ ಕೀಲಿಯ ಮೇಲೆ ಬಂದು ನಿಂತಿತು, ಒತ್ತಲಿಲ್ಲ.

“ಹೋಗಬ್ಯಾಡವಾ, ಕೂಡು,” ಎಂದರು. “ಒಬ್ಬನೇ ನೋಡ್ಲಿಕ್ಕಿ ನನಗ ಅಂಜಿಕಿ ಬರ್ತದ.”