ವಂತಿಗೆಯೆಂದು ಬರೆದ ಕೈ

ಮೂವತ್ತು ವರ್ಷ ಊರೂರು ಅಲೆದು ಕಂದಾಯ ವಸೂಲು ಮಾಡಿ, ಆ ವಸೂಲಿ ಧರ್ಮವೇ ಎಂದು ಮೂವತ್ತು ವರ್ಷವೂ ತಮ್ಮನ್ನು ತಾವೇ ಕೇಳಿಕೊಂಡ ರೆವಿನ್ಯೂ ನೌಕರರು ನಮ್ಮ ಸೀಮೆಯಲ್ಲಿ ಒಬ್ಬರೇ. ಅವರೇ ಶ್ರೀಮಾನ್ ತಿರುನಾರಾಯಣ ಅಯ್ಯಂಗಾರ್ಯರು. ಈ ವರ್ಷ, ಎಂದರೆ ೧೯೩೮ರಲ್ಲಿ, ಶೇಕದಾರ ಹುದ್ದೆಯಿಂದ ನಿವೃತ್ತರಾದ ಈ ಪೂಜ್ಯರಿಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಸ್ನೇಹಿತರು ಅರ್ಪಿಸುತ್ತಿರುವ ಸಂಪುಟದಲ್ಲಿ ಅವರ ಶಿಸ್ತನ್ನೂ ಪಾಂಡಿತ್ಯವನ್ನೂ ಕೊಂಡಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಹೇಳಹೊರಟಿರುವುದು ಅವರು ಮಾಡಿದ ಒಂದು ತಪ್ಪನ್ನು.

ಮಂಡ್ಯದಲ್ಲಿ ಗುಮಾಸ್ತರಾಗಿ ಸೇವೆಗೆ ಸೇರಿದ ಅಯ್ಯಂಗಾರ್ಯರು ಮುಂದೆ ಮದ್ದೂರು ತಾಲ್ಲೂಕಿನ ಹೋಬಳಿಯೊಂದಕ್ಕೆ ಶೇಕದಾರರಾಗಿ ಬಂದರು. ಗಂಡ ಕೆಂಪಸಿದ್ದಯ್ಯನನ್ನು ಕಳೆದುಕೊಂಡ ಚಿಕ್ಕಬೋರಮ್ಮ ಜಮೀನಿನ ಖಾತೆಗಾಗಿ ಮದ್ದೂರಿಗೆ ಅಲೆಯುವುದು ಬೇಡವೆಂದು, ದಫ್ತರವನ್ನು ಕಂಕುಳಲ್ಲಿ ಇರುಕಿಕೊಂಡು ತಾವೇ ಅವಳ ಜಗಲಿಗೆ ಹೋಗಿ ಕೂತು ಕೆಲಸ ಮುಗಿಸಿಕೊಟ್ಟವರು ಅವರು. ಇಂಥ ಉಪಕಾರವನ್ನು ನೆನೆಯುವ ಮನೆಗಳು ಆ ಹೋಬಳಿಯಲ್ಲಿ ಇನ್ನೂ ಬಹಳ ಇವೆ.

ತಪ್ಪು ನಡೆದದ್ದು ೧೯೩೨ರಲ್ಲಿ. ಹೊಸ ನಾಲೆಯ ಖರ್ಚಿಗೆ ಅದರ ಆಸುಪಾಸಿನ ರೈತರೆಲ್ಲ ಎಕರೆಗೆ ಇಷ್ಟೆಂದು ಕೊಡತಕ್ಕದ್ದು ಎಂಬ ಆಜ್ಞೆ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿದ್ದ ‘ಕಾಂಟ್ರಿಬ್ಯೂಷನ್’ ಎಂಬ ಮಾತಿಗೆ ಅಯ್ಯಂಗಾರ್ಯರು ನಿಘಂಟು ತಿರುವಿ, ಅಚ್ಚಗನ್ನಡದ ಮೋಹಕ್ಕೆ ಬಿದ್ದು, ‘ವಂತಿಗೆ’ ಎಂದು ಬರೆದು ತಮಟೆ ಹೊಡೆಸಿಬಿಟ್ಟರು. ನಮ್ಮ ಹಳ್ಳಿಗಳಲ್ಲಿ ವಂತಿಗೆಯೆಂದರೆ ಚಾವಡಿಯಲ್ಲಿ ಕೂತು, ಮಾತಾಡಿ, ಒಪ್ಪಿದವರು ಒಪ್ಪಿದಷ್ಟು ಕೊಡುವುದು. ಒಪ್ಪದವನನ್ನು ಬೇಕಾದರೆ ಆಡಿಕೊಳ್ಳಬಹುದು, ಅವನ ಕೊಟ್ಟಿಗೆಗೆ ಕೈ ಹಾಕುವಂತಿಲ್ಲ. ಅದರಂತೆಯೇ ಊರವರು ಕೂತು ಮಾತಾಡಿದರು. ಕೆಲವರು ಒಪ್ಪಿದರು, ಚಿಕ್ಕಬೋರಮ್ಮ ಒಪ್ಪಲಿಲ್ಲ. ಮೂರು ತಿಂಗಳ ಮೇಲೆ ಅವಳ ಎಮ್ಮೆಯನ್ನು ಜಪ್ತಿ ಮಾಡಬೇಕೆಂದು ಅಪ್ಪಣೆ ಬಂತು. ಆ ಎಮ್ಮೆಯ ಹಾಲಿನಿಂದಲೇ ಅವಳ ಮನೆ ನಡೆಯುತ್ತಿತ್ತು.

ಜಪ್ತಿಗೆ ಹೋದ ಅಯ್ಯಂಗಾರ್ಯರನ್ನು ಅವಳು ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲಿಸಿದಳು.

“ವಂತಿಗೆ ಅಂತ ಸಾರ್ಸಿದ್ದು ನೀವೇ ಅಲ್ವಾ ಸ್ವಾಮಿ? ನಾನು ಒಪ್ನಿಲ್ಲ. ನನ್ನ ಒಲ ದಿಣ್ಣೆ ಮೇಲದೆ, ನಿಮ್ಮ ನಾಲೆ ನೀರು ಅಲ್ಲಿಗೆ ಅತ್ತಾಕಿಲ್ಲ. ಒಪ್ದೆ ಇರೋಳ ಎಮ್ಮೆ ಇಡ್ಕೊಂಡು ಓದ್ರೆ ಅದ್ಕೆ ಏನಂತಾರೆ, ನೀವೇ ಯೋಳಿ.”

ಏನೆನ್ನುತ್ತಾರೆಂದು ಅಯ್ಯಂಗಾರ್ಯರಿಗೆ ಚೆನ್ನಾಗಿ ಗೊತ್ತಿತ್ತು. ಹಗ್ಗ ಮುಟ್ಟದೆ ಹಿಂದಿರುಗಿದವರು, ಮಾತಿನ ತಪ್ಪು ತಮ್ಮದು, ವಂತಿಗೆಯೆಂದು ಸಾರಿ ಎಮ್ಮೆ ಹಿಡಿದರೆ ಅದು ಕಳವು, ಶಿಕ್ಷೆ ತಮಗಿರಲಿ ಎಂದು ಮೇಲಿನವರಿಗೆ ಬರೆದು ಕಳಿಸಿದರು. ಮೇಲಧಿಕಾರಿಗಳು ಕರೆಸಿ ಕೇಳಿದರು: “ಒಬ್ಬೊಬ್ಬರನ್ನೂ ಒಪ್ಪಿಸುತ್ತ ಕೂತಿದ್ದರೆ ನಾಲೆ ಆಗುತ್ತಿತ್ತೇನ್ರೀ? ನಿಮ್ಮ ಸಂಬಳ ಎಲ್ಲಿಂದ ಬರುತ್ತೆ?”

“ಆಗುತ್ತಿರಲಿಲ್ಲ ಸ್ವಾಮಿ, ನಾಲೆ ಬೇಕಾದದ್ದೂ ನಿಜ. ಆದರೆ ಆಳನ್ನು ಹಿಡಿದು ತಂದು ಬಿಟ್ಟಿ ದುಡಿಸುವುದು ಅಧರ್ಮ ಅಂತ ನಾವೇ ಹೇಳುತ್ತೇವೆ. ಅವಳು ದುಡಿದದ್ದನ್ನು ಕೇಳದೆ ತೆಗೆದುಕೊಂಡರೆ ಅದೂ ಬಿಟ್ಟಿಯೇ ಅಲ್ಲವೆ? ನನ್ನ ಸಂಬಳವೂ ಅದರೊಳಗೇ ಬಂತು.”

ವಾದ ಗೆಲ್ಲಲಿಲ್ಲ. ಇನ್‌ಕ್ರಿಮೆಂಟು ನಿಂತಿತು, ಮಳವಳ್ಳಿ ಕಡೆಯ ಬೆಳಕವಾಡಿಗೆ ವರ್ಗವಾಯಿತು. ಮಡದಿ ಗೋದಮ್ಮನವರು ತುಟಿಪಿಟಕ್ಕೆನ್ನದೆ ಸಹಿಸಿಕೊಂಡರು ಎಂದು ಬರೆದರೆ ಸುಳ್ಳಾದೀತು. ಆಕೆ ಗಂಡನಿಗೆ ಚೆನ್ನಾಗಿಯೇ ಅಂದರು. ಆದರೆ ತಪ್ಪಾಗಿ ಸಾರಿದ್ದಕ್ಕೆಂದು ರೈತರಿಗೆ ಆರು ತಿಂಗಳ ವಾಯಿದೆ ಸಿಕ್ಕಿತು. ಹೊರಡುವ ಮುನ್ನ ಅಯ್ಯಂಗಾರ್ಯರು ಚಾವಡಿಯಲ್ಲಿ ನಿಂತು, “ಇದು ವಂತಿಗೆಯಲ್ಲ, ತೆರಿಗೆ. ಒಪ್ಪಿದರೂ ತೆರಬೇಕು, ಒಪ್ಪದಿದ್ದರೂ ತೆರಬೇಕು. ನಾನು ತಪ್ಪು ಬರೆದೆ, ಕ್ಷಮಿಸಿ” ಎಂದರು. ಚಿಕ್ಕಬೋರಮ್ಮ ಆ ವಾಯಿದೆಯೊಳಗೆ ರಾಗಿ ಮಾರಿ ಹಣ ಕಟ್ಟಿದಳು. ಎಮ್ಮೆ ಕೊಟ್ಟಿಗೆಯಲ್ಲೇ ಉಳಿಯಿತು.

ಕಳೆದ ತಿಂಗಳು ಮೊದಲ ಪಿಂಚಣಿ ಮಂಜೂರಾದ ಕಾಗದ ಕೈಗೆ ಬಂದಾಗ ಅಯ್ಯಂಗಾರ್ಯರಿಗೆ ಊಟ ಸೇರಲಿಲ್ಲ. ಮರುದಿನವೇ ಬಸ್ಸು ಹಿಡಿದು ಹಳೆಯ ಹೋಬಳಿಗೆ ಹೋಗಿ, ರಾಗಿ ಕೇರುತ್ತಿದ್ದ ಚಿಕ್ಕಬೋರಮ್ಮನ ಮುಂದೆ ನಿಂತರು.

“ನೀವೆಲ್ಲ ತೆತ್ತ ಹಣದಲ್ಲಿ ನನಗಿನ್ನು ಪಿಂಚಣಿ ಬರುತ್ತದಮ್ಮ. ಕೇಳದೆ ತೆಗೆದುಕೊಳ್ಳುವುದಕ್ಕೆ ನನ್ನ ಮನಸ್ಸು ಒಗ್ಗಲಿಲ್ಲ. ನೀನು ಒಪ್ಪುತ್ತೀಯಾ?”

ಅವಳು ಮೊರವನ್ನು ಕೆಳಗಿಟ್ಟಳು.

“ಇಷ್ಟು ವರ್ಸದಲ್ಲಿ ನನ್ನ ಕೇಳ್ದೋರು ನೀವೊಬ್ರೇ ಕಣ್ ಸ್ವಾಮಿ. ನಿಮ್ಮ ಪಾಲ್ಗೆ ಒಪ್ದೆ, ತಗಳಿ. ಮಿಕ್ಕಿದ್ಕೆ ಒಪ್ಪಿಲ್ಲ.”

ತೆರಿಗೆಯ ಧರ್ಮಾಧರ್ಮಗಳ ಮೇಲೆ ತಾವು ಬರೆಯುತ್ತಿರುವ ಪುಸ್ತಕವನ್ನು ಅಯ್ಯಂಗಾರ್ಯರು ಸಾವಕಾಶವಾಗಿ ಮುಗಿಸಲಿ. ಭಗವಂತನು ಅವರಿಗೂ ಗೋದಮ್ಮನವರಿಗೂ ಆಯುರಾರೋಗ್ಯಗಳನ್ನು ಕೊಟ್ಟು ಕಾಪಾಡಲಿ. ಪಿಂಚಣಿಯನ್ನು ಅವರು ಇನ್ನೂ ನಲವತ್ತು ವರ್ಷ ನಿಶ್ಚಿಂತೆಯಿಂದ ಪಡೆಯಲಿ. ಅದರಲ್ಲಿ ಒಬ್ಬಳ ಪಾಲಾದರೂ ಕೇಳಿ ಪಡೆದದ್ದು.